ಬಿಳಿ ಉಡುಪಿನಲ್ಲಿ ವ್ಯಾನಿನ ಕೆಳಗೆ

ಲೆಪೇಕಾಳಿಗೆ ಕಾರು ಬೇಕಾಗಿದ್ದು ಶೋಕಿಗಲ್ಲ. ಇನ್ನು ಹತ್ತು ದಿನಕ್ಕೆ ವೃದ್ಧಾಶ್ರಮದ ಕೆಲಸ ಬೆಳಗ್ಗೆ ಆರಕ್ಕೇ ಶುರು. ದ್ವೀಪದಿಂದ ಬಂದ ನಮ್ಮವರು ನೆಲೆಸಿರುವ ಮಾಂಗೆರೆಯಿಂದ ಹೊರಡುವ ಮೊದಲ ಬಸ್ಸು ಅಲ್ಲಿಗೆ ಮುಟ್ಟುವುದೇ ಆರೂ ಮುಕ್ಕಾಲಿಗೆ. ಮೂರು ವರ್ಷ ಅವರು ಕರೆದಾಗಲೆಲ್ಲ ಓಡಿಹೋಗಿ ದುಡಿದ ಮೇಲೆ ಈಗ ಕೆಲಸ ಕಾಯಂ ಆಗುವ ಹೊತ್ತು. ಮೇಲ್ವಿಚಾರಕಿ ಒಳ್ಳೆಯ ಹೆಂಗಸೇ. ಆದರೆ ಒಂದು ದಿನ ತಡವಾದರೂ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ನಗುನಗುತ್ತಲೇ ಹೇಳಿದ್ದಳು. ಲೆಪೇಕಾಳ ಹತ್ತಿರ ಇದ್ದದ್ದು ನಾಲ್ಕು ಸಾವಿರ ಡಾಲರು. ಆ ದುಡ್ಡಿಗೆ ಸಿಗುವ ಕಾರು ಒಂದೋ ಮುದಿಯಾಗಿರಬೇಕು, ಇಲ್ಲವೇ ಕಳ್ಳನಾಗಿರಬೇಕು.

ಆಗ ಕಣ್ಣಿಗೆ ಬಿದ್ದದ್ದು ಫಾಲೆನಿಕೊನ ವ್ಯಾನು. ಆತ ಚರ್ಚಿನ ಹಾಡುಗಾರರ ಮುಂದಾಳು, ಎಲ್ಲರಿಗೂ ಬೇಕಾದವನು. ಎಂಟು ಸೀಟಿನ ವ್ಯಾನನ್ನು ಮಾರಲೆಂದು ಮಿರಮಿರ ಮಿಂಚುವಂತೆ ತೊಳೆದು, ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲೇ ತಂದು ನಿಲ್ಲಿಸಿದ. ಭಾನುವಾರವೆಂದ ಮೇಲೆ ನಮ್ಮವರೆಲ್ಲ ಅಡಿಯಿಂದ ಮುಡಿಯವರೆಗೆ ಬಿಳಿ. ಇಸ್ತ್ರಿಯ ಗೆರೆ ಮುರಿಯದ ಮೂವತ್ತು ಮಂದಿ ವ್ಯಾನಿನ ಸುತ್ತ ನೆರೆದರು. ಒಬ್ಬರು ಬಾಗಿಲು ತೆಗೆದು ನೋಡಿದರು, ಇನ್ನೊಬ್ಬರು ಹಾರ್ನ್ ಬಾರಿಸಿದರು, ಪಾದ್ರಿಗಳ ಹೆಂಡತಿ ಸೀಟಿನ ಮೇಲೆ ಕೂತು ಮೆತ್ತಗಿದೆ ಎಂದರು.

"ತಗೋ ಮಗಳೇ, ನಿಂಗೂ ಆಯ್ತು, ನಮ್ಮ ಹಾಡಿನವರಿಗೂ ಆಯ್ತು," ಅಂದ ಫಾಲೆನಿಕೊ.

ಲೆಪೇಕಾಳಿಗೆ ಕೆಳಗೆ ಬಗ್ಗಿ ನೋಡಬೇಕೆನಿಸಿತು. ನೋಡುವುದು ಹೇಗೆ? ಹಿರಿಯನ ಎದುರಿಗೆ, ಇಡೀ ಸಭೆಯ ಎದುರಿಗೆ ವ್ಯಾನಿನಡಿ ಇಣುಕಿದರೆ ನಿನ್ನ ಮಾತು ನಂಬುವುದಿಲ್ಲ ಎಂದು ಮುಖಕ್ಕೇ ಹೇಳಿದ ಹಾಗೆ. ಅವಳ ಕೈ ಚೀಲದೊಳಗಿನ ದುಡ್ಡಿನ ಲಕೋಟೆಗೆ ಹೋಯಿತು.

"ಸ್ವಲ್ಪ ಇದನ್ನ ಹಿಡ್ಕೋ," ಎಂದು ಯಾರೋ ಅವಳ ಕೈಗೆ ಟೋಪಿ ತುರುಕಿದರು.

ಅದು ದೊಡ್ಡಮ್ಮ ಸೆಫಿನಾಳ ಟೋಪಿ. ತಾಯಿಯಿಲ್ಲದ ಲೆಪೇಕಾಳನ್ನು ಸಾಕಿದವಳು ಇದೇ ದೊಡ್ಡಮ್ಮ. ಚರ್ಚಿನ ಬೆಂಚಿನ ಮೇಲೂ ಕರವಸ್ತ್ರ ಹಾಸಿಯೇ ಕೂರುವ ಹೆಂಗಸು. ಆಕೆ ಟಾರಿನ ಮೇಲೆ ಮೊದಲು ಮಂಡಿಯೂರಿದಳು, ಆಮೇಲೆ ಅಂಗಾತ ಮಲಗಿದಳು, ಆಮೇಲೆ ಅರ್ಧ ಮೈ ವ್ಯಾನಿನ ಕೆಳಗೆ ಮಾಯವಾಯಿತು.

ಫಾಲೆನಿಕೊ ನಗಲು ನೋಡಿದ. "ಅಮ್ಮಾ, ಏನ್ ಹುಡುಕ್ತಿದ್ದೀರಿ ಅಲ್ಲಿ? ಪಾಪವಾ?"

"ಹೂಂ ಕಣೋ, ನಿಂದೇ," ಕೆಳಗಿನಿಂದ ದನಿ ಬಂತು. "ಇಲ್ಲಿ ನನ್ನ ಹೆಬ್ಬೆರಳು ಹೋಗೋಷ್ಟು ತೂತಿದೆ. ಬರೀ ತುಕ್ಕು. ಆಯಿಲ್ ಬೇರೆ ಮೂಗಿನ ಮೇಲೇ ತೊಟ್ಟಿಕ್ತಿದೆ!"

ಎದ್ದು ಬಂದಾಗ ಬಿಳಿ ಉಡುಪಿನ ಎದೆಯಿಂದ ಸೊಂಟದವರೆಗೆ ಕರಿ ಗೆರೆ. ಫಾಲೆನಿಕೊನ ಮುಖ ಸಣ್ಣಗಾಯಿತು.

"ದೇವರಾಣೆ ನಂಗೊತ್ತಿರ್ಲಿಲ್ಲ ಅಮ್ಮಾ. ನಾನೂ ಇದನ್ನ ತಗೊಂಡಿದ್ದು ಭಾನುವಾರಾನೇ. ಇದೇ ಅಂಗಳದಲ್ಲಿ."

ಮೊದಲು ನಕ್ಕವರು ಪಾದ್ರಿಗಳು. ಆಮೇಲೆ ಅಂಗಳಕ್ಕೆ ಅಂಗಳವೇ ಹೊಟ್ಟೆ ಹಿಡಿದುಕೊಂಡಿತು. ವರ್ಷಾನುಗಟ್ಟಲೆ ಬಿಳಿ ತೊಟ್ಟು ಒಬ್ಬರಿಗೊಬ್ಬರು ಕಾರು ಮಾರಿಕೊಂಡ ಜನ, ಒಬ್ಬರಾದರೂ ಬಗ್ಗಿ ನೋಡಿರಲಿಲ್ಲ. ಲೆಪೇಕಾ ಮಾತ್ರ ನಗಲಿಲ್ಲ. ಆ ಕರಿ ಗೆರೆಯನ್ನೇ ನೋಡುತ್ತಾ ನಿಂತಳು. ತನ್ನ ಮಾನಕ್ಕಿಂತ ನನ್ನ ಕೆಲಸ ದೊಡ್ಡದೆಂದುಕೊಂಡಳಲ್ಲ ಈ ಹೆಂಗಸು, ಇವಳ ಋಣ ನಾನು ಯಾವ ಜನ್ಮದಲ್ಲಿ ತೀರಿಸಲಿ ಎಂದುಕೊಂಡಳು.

ಗುರುವಾರ ಫಾಲೆನಿಕೊ ತಾನಾಗಿ ರಜೆ ಹಾಕಿ ಬಂದ, ಹಳೇ ಚಡ್ಡಿ, ಕೈಯಲ್ಲಿ ಟಾರ್ಚು. ನಿವೃತ್ತ ಮೇಷ್ಟ್ರೊಬ್ಬರ ಪುಟ್ಟ ಕಾರು, ಹದಿನಾಲ್ಕು ವರ್ಷದ್ದು, ನೋಡಲು ಮೂವರೂ ಹೋದರು. ದೊಡ್ಡಮ್ಮ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಸುಲಭಕ್ಕೆ ಏಳದ ಇಂಜಿನ್ನನ್ನು ಮೊದಲೇ ಬಿಸಿ ಮಾಡಿಟ್ಟು ಮೋಸ ಮಾಡುವವರಲ್ಲ ಎಂದಾಯಿತು. ಕೀಲಿ ತಿರುಗಿಸಿದೊಡನೆ ಇಂಜಿನ್ ಕೆಮ್ಮದೆ ಎದ್ದಿತು. ಫಾಲೆನಿಕೊ ಕೆಳಗೆ ತೂರಿ ಹತ್ತು ನಿಮಿಷ ಹೊರಗೇ ಬರಲಿಲ್ಲ. ಸರ್ವಿಸ್ ಮಾಡಿಸಿದ್ದನ್ನೆಲ್ಲ ಮೇಷ್ಟ್ರು ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದರು. ಬಣ್ಣ ಮಾಸಿತ್ತು, ಹಿಂದಿನ ಬಾಗಿಲು ನೆಗ್ಗಿತ್ತು. ಮೂರು ಸಾವಿರದ ಎಂಟುನೂರಕ್ಕೆ ಮಾತು ಮುಗಿಯಿತು.

"ಹಾಡಿನವರು ಹಿಡಿಯಲ್ಲ ಇದ್ರಲ್ಲಿ," ಎಂದು ಫಾಲೆನಿಕೊ ನಿಟ್ಟುಸಿರಿಟ್ಟ.

"ನಡ್ಕೊಂಡು ಬನ್ನಿ. ಉಸಿರು ಗಟ್ಟಿಯಾಗುತ್ತೆ," ಅಂದಳು ದೊಡ್ಡಮ್ಮ.

ಕಾರು ಕೆಲಸ ಶುರುವಾಗುವ ಮೊದಲೇ ಮನೆಗೆ ಬಂತು. ಆದರೂ ಲೆಪೇಕಾಳ ಎದೆಯ ಅಳುಕು ಹೋಗಲಿಲ್ಲ. ನಮ್ಮಲ್ಲಿ ಒಬ್ಬರ ಮನೆಗೆ ಬಂದ ಕಾರು ಕುಟುಂಬದ ಕಾರು. ಮದುವೆ, ಸಾವು, ವಿಮಾನ ನಿಲ್ದಾಣ ಎಂದು ಹೊರಟರೆ ಯಾವಾಗ ವಾಪಸು ಬರುತ್ತದೋ ದೇವರೇ ಬಲ್ಲ. ದೊಡ್ಡಮ್ಮನಂತೂ ಕೇಳಿದವರಿಗೆ ಮೈಮೇಲಿನ ಬಟ್ಟೆಯನ್ನೂ ಬಿಚ್ಚಿಕೊಡುವ ಜಾತಿ.

ಮಾರನೇ ಬೆಳಗ್ಗೆ ಕೆಲಸ ಶುರು ಎನ್ನುವಾಗ, ಭಾನುವಾರ ಸಂಜೆ ಫೋನು ಬಂತು. ದೊಡ್ಡಮ್ಮನ ಅಣ್ಣನ ಮಗನದು. ದೊಡ್ಡಮ್ಮ ಅಡುಗೆಮನೆಯಲ್ಲಿ ಮಾತಾಡುತ್ತಿದ್ದದ್ದು ಲೆಪೇಕಾಳಿಗೆ ಕೇಳಿಸಿತು.

"ಊರಿಂದ ಚಿಕ್ಕಪ್ಪ ಬರ್ತಿದಾನಾ? ನಾಳೆ ಸಂಜೆ ನಾಲ್ಕರ ವಿಮಾನಕ್ಕಾ? ಈಗ್ಲೇ ಬಂದು ಕಾರ್ ಒಯ್ತೀಯಾ?" ಆಮೇಲೆ ಪಾತ್ರೆ ಕೆಳಗಿಟ್ಟ ಸದ್ದು. "ಇಲ್ಲ ಮಗಾ. ಅದು ಲೆಪೇಕಾ ಕೆಲಸಕ್ಕೆ ಹೋಗೋ ಕಾರು. ಕೊಡಕ್ಕಾಗಲ್ಲ."

ಲೆಪೇಕಾ ಒಳಗೆ ಹೋದಾಗ ದೊಡ್ಡಮ್ಮ ಫೋನಿಟ್ಟು ಮೇಜು ಹಿಡಿದು ನಿಂತಿದ್ದಳು. ಲೆಪೇಕಾ ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡು ಅತ್ತುಬಿಟ್ಟಳು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಹೇಳಿದಳು, "ದೊಡ್ಡಮ್ಮಾ, ನನ್ನ ಕೆಲಸ ಎರಡಕ್ಕೇ ಮುಗಿಯುತ್ತೆ. ನಾಲ್ಕಕ್ಕೆ ನಾನೇ ಹೋಗಿ ಚಿಕ್ಕಪ್ಪನ್ನ ಕರ್ಕೊಂಡು ಬರ್ತೀನಿ. ಫೋನ್ ಮಾಡಿ ಹೇಳ್ಲಾ?"

"ನಾಳೆ ಹೇಳು," ದೊಡ್ಡಮ್ಮ ಕಣ್ಣೊರೆಸಿಕೊಂಡಳು. "ಅರವತ್ತು ವರ್ಷಕ್ಕೆ ಒಂದ್ಸಲ ಇಲ್ಲ ಅಂದಿದ್ದೀನಿ. ಒಂದ್ರಾತ್ರಿಯಾದ್ರೂ ಅದು ಹಾಗೇ ಇರ್ಲಿ ಬಿಡು."