ಕಿವುಡು ಮರಿ

“ರಾತ್ರಿ ಎಲ್ಲಿ ಮಲಗಸ್ತೀರಿ, ಕಾಕಾ?”

ಅನೀಸಾ ಕೇಳಿದ್ದು ನಾಯಿಮರಿಯ ಬಗ್ಗೆ ಎಂದು ಹೊಳೆಯಲು ಜೆರಾಲ್ಡನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವನು ದಾಂಡೇಲಿಗೆ ಬಂದದ್ದು ಹಳ್ಳದ ನೀರೆತ್ತುವ ಪಂಪಿನ ಇಂಜಿನ್ನನ್ನು ಗನಿಸಾಬನ ಗ್ಯಾರೇಜಿನಲ್ಲಿ ರಿಪೇರಿಗೆ ಕೊಡಲು. ಗನಿಸಾಬ ಇಂಜಿನ್ನು ಬಿಚ್ಚುವಷ್ಟರಲ್ಲಿ ಮಾತಿಗೆ ಮಾತು ಬೆಳೆದು, ಮನೆಯ ನಾಯಿಯನ್ನು ಚಿರತೆ ಒಯ್ದದ್ದು, ಈಗ ಗೋವಿನಜೋಳಕ್ಕೆ ಹಂದಿ ನುಗ್ಗುತ್ತಿರುವುದು ಎಲ್ಲ ಹೊರಬಿದ್ದಿತ್ತು. “ನಾಯಿ ಬೇಕಂದ್ರ ನನ್ನ ಮಗಳನ್ನ ಕೇಳು,” ಎಂದು ಗನಿಸಾಬ ಗ್ಯಾರೇಜಿನ ಹಿಂದಿನ ಅಂಗಳಕ್ಕೆ ಕೈ ತೋರಿಸಿದ್ದ. ತಾಯಿ ಸತ್ತ, ಗಾಡಿಗೆ ಸಿಕ್ಕ, ಗಟಾರಕ್ಕೆ ಬಿದ್ದ ಮರಿಗಳನ್ನೆಲ್ಲ ಊರಿನ ದನದ ಡಾಕ್ಟರು ತಂದು ಅನೀಸಾಳ ಕೈಗೆ ಹಾಕುತ್ತಿದ್ದರು. ಅವಳು ಸಾಕಿ, ಚೇತರಿಸಿಕೊಂಡ ಮೇಲೆ ಬೇಕಾದವರಿಗೆ ಕೊಡುತ್ತಿದ್ದಳು. ಕೊಡುವುದೆಂದರೆ ಸುಮ್ಮನೆ ಕೊಡುವುದಲ್ಲ ಎಂಬುದು ಜೆರಾಲ್ಡನಿಗೆ ಈಗಷ್ಟೇ ಗೊತ್ತಾಗುತ್ತಿತ್ತು. ಹೆಣ್ಣು ನೋಡಲು ಹೋದವರನ್ನೂ ಯಾರೂ ಇಷ್ಟು ವಿಚಾರಿಸುವುದಿಲ್ಲ.

“ಹೊರಗ. ನಾಯಿ ಮತ್ತೆಲ್ಲಿ ಮಲಗತೈತಿ, ತಂಗಿ?”

“ಹೊರಗ ಮಲಗಿದ್ದಕ್ಕನ ಮೊದಲಿಂದು ಹೋತಲ್ಲ. ಇದನ್ನ ಒಳಗ ಮಲಗಸ್ಬೇಕು. ಆಮ್ಯಾಲ ಇದು ಹೆಣ್ಣುಮರಿ ಐತಿ. ಇವತ್ತ ಒಯ್ದು ನಾಳಿ ಬ್ಯಾಡ ಅನ್ನಾಕ ಬರಾಂಗಿಲ್ಲ.”

ಅವಳ ಮಡಿಲಲ್ಲಿದ್ದದ್ದು ಅಂಗೈಗಿಂತ ಕೊಂಚ ದೊಡ್ಡದಾದ ಕೆಂಚು ಮರಿ. ಒಂದು ಕಿವಿ ನೆಟ್ಟಗೆ ನಿಂತಿತ್ತು, ಇನ್ನೊಂದು ಮಡಚಿ ಬಿದ್ದಿತ್ತು. ಬಸ್‌ಸ್ಟ್ಯಾಂಡಿನ ಹಿಂದಿನ ಗಟಾರದಿಂದ ತೆಗೆದಾಗ ಇದು ಉಳಿಯುವುದಿಲ್ಲ ಎಂದು ಡಾಕ್ಟರೇ ಕೈಚೆಲ್ಲಿದ್ದರಂತೆ. ಈಗ ಅದು ಜೆರಾಲ್ಡನ ಹೆಬ್ಬೆರಳನ್ನು ಬಾಯೊಳಗಿಟ್ಟುಕೊಂಡು ಚೀಪುತ್ತಿತ್ತು. ಇಂಥದು ದೊಡ್ಡದಾಗಿ ಹಂದಿ ಓಡಿಸುವುದು ಯಾವ ಕಾಲಕ್ಕೆ ಎಂದು ಅವನಿಗೆ ನಗು ಬಂತು. ಆದರೂ ಬೆರಳನ್ನು ಎಳೆದುಕೊಳ್ಳಲು ಮನಸ್ಸಾಗಲಿಲ್ಲ.

“ಹೆಸರೇನ ಇಡ್ತೀರಿ?”

“ನಮ್ಮ ಮನ್ಯಾಗ ನಾಯಿಗೆ ಹೆಸರ ಇಡೂದಿಲ್ಲ.”

ಅದು ಸುಳ್ಳಲ್ಲ. ಅವನ ಅಪ್ಪನ ಕಾಲದಿಂದ ಆ ಮನೆಯಲ್ಲಿ ನಾಯಿ ಎಂದರೆ ನಾಯಿ, ಅಷ್ಟೆ. ಕಾಡಂಚಿನ ಊರು, ಇವತ್ತು ಅಂಗಳದಲ್ಲಿದ್ದದ್ದು ನಾಳೆ ಚಿರತೆಯ ಪಾಲು. ಹೆಸರಿಟ್ಟರೆ ಹೋದ ಮೇಲೂ ಅದು ಬಾಯಿಗೆ ಬರುತ್ತಿರುತ್ತದೆ, ಸುಮ್ಮನೆ ಸಂಕಟ ಎಂದು ಅಪ್ಪ ಹೇಳುತ್ತಿದ್ದ. ಇದನ್ನೆಲ್ಲ ಜೆರಾಲ್ಡ್ ತನಗೆ ತಿಳಿದ ಹಾಗೆ ವಿವರಿಸಿದ. ಅನೀಸಾ ಪೂರ್ತಿ ಕೇಳಿಸಿಕೊಂಡು, ಅವನ ಬೆರಳನ್ನು ಮರಿಯ ಬಾಯಿಂದ ಬಿಡಿಸಿ, ಮರಿಯನ್ನು ಹಳೇ ಗೋಣಿ ಹಾಸಿದ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಳು.

“ಹೋಗೂದು ಅಂತ ಮೊದಲ ತಿಳಕೊಂಡವರಿಗೆ ನಾ ಹೆಂಗ ಕೊಡ್ಲಿ, ಕಾಕಾ? ಸಿಟ್ಟಾಗಬ್ಯಾಡ್ರಿ. ಹೆಸರಿಲ್ಲಂದ್ರ ಮರಿ ಇಲ್ಲ.”

ಗ್ಯಾರೇಜಿನೊಳಗೆ ಇಂಜಿನ್ನಿನ ಮೇಲೆ ಬಗ್ಗಿದ್ದ ಗನಿಸಾಬ ತಲೆ ಎತ್ತದೆಯೇ ಕೂಗಿದ. “ಏನರ ಒಂದ ಹೇಳಿಬಿಡು, ಜೆರಾಲ್ಡಾ. ರಾಣಿ, ಮೋತಿ, ಏನರ. ಇಲ್ಲಂದ್ರ ಇಕಿ ನಿನ್ನ ಇಂಜಿನ್ನನೂ ಕೊಡಾಕ ಬಿಡೂದಿಲ್ಲ.”

ಜೆರಾಲ್ಡ್ ಬಾಯಿ ತೆರೆದ. ಮೋತಿ ಎನ್ನಬೇಕೆಂದೇ ತೆರೆದದ್ದು.

“ಜೆಸ್ಸಿ,” ಎಂದ.

ಎಂದವರು ಯಾರು ಎಂದು ಹಿಂತಿರುಗಿ ನೋಡಬೇಕು ಅನ್ನಿಸುವಷ್ಟು ಅವನಿಗೆ ಗಾಬರಿಯಾಯಿತು. ನಾಲಗೆ ಕಚ್ಚಿಕೊಂಡ, ಅದು ಬ್ಯಾಡ, ಬ್ಯಾರೇದು ಎನ್ನಲು ಹೊರಟ. ಅಷ್ಟರಲ್ಲಿ ಅನೀಸಾ ಮರಿಯನ್ನು ಮತ್ತೆ ಎತ್ತಿಕೊಂಡು, “ಜೆಸ್ಸಿ, ಏ ಜೆಸ್ಸಿ, ಚಲೋ ಐತಲ್ಲ ನಿನ್ನ ಹೆಸರ,” ಎಂದು ಮುದ್ದಿಸತೊಡಗಿದ್ದಳು. ಮರಿ ಅವಳ ಗದ್ದ ನೆಕ್ಕಿತು. ಎರಡನೇ ಸೂಜಿ ಹಾಕಿಸುವುದು ಬಾಕಿ ಇದೆ, ಇಂಜಿನ್ನು ಒಯ್ಯಲು ಬಂದಾಗ ಮರಿಯನ್ನೂ ಒಯ್ಯಿರಿ, ಅಲ್ಲಿಯವರೆಗೆ ಇದೇ ಹೆಸರಿನಿಂದ ಕರೆದು ರೂಢಿ ಮಾಡಿಸುತ್ತೇನೆ ಎಂದಳು. ಜೆರಾಲ್ಡ್ ಹೂಂ ಅಂದ. ಅವನು ಜೀವಮಾನದಲ್ಲಿ ಯಾವುದಕ್ಕೂ ಊಹೂಂ ಅಂದವನೇ ಅಲ್ಲ.

ಹಳಿಯಾಳದ ಬಸ್ಸಿನಲ್ಲಿ ಕಿಟಕಿಯ ಕಂಬಿಗೆ ಹಣೆ ಆನಿಸಿ ಕೂತು ತನ್ನನ್ನು ತಾನೇ ಬೈದುಕೊಂಡ. ಜೆಸ್ಸಿ ಅವನ ಮಗಳ ಹೆಸರು. ಜೆಸ್ಸಿಕಾ, ಒಬ್ಬಳೇ ಮಗಳು. ಹೆಂಡತಿ ಮರಿಯಾಳ ಅಣ್ಣ ಒಂದು ಸಂಬಂಧ ತಂದಿದ್ದ. ಹುಡುಗ ಆ ಅಣ್ಣನ ಹೆಂಡತಿಯ ತಮ್ಮನೇ, ಕೆವಿನ್. ಮರಿಯಾ ಮಗಳನ್ನು ಕೇಳದೆ ಮಾತು ಕೊಟ್ಟಳು. ನಿಶ್ಚಿತಾರ್ಥದ ಅಡುಗೆಗೆ ಅಕ್ಕಿ ಆರಿಸುತ್ತಿದ್ದ ವಾರದಲ್ಲೇ ಹುಡುಗಿ ಒಂದು ಚೀಲ ಹಿಡಿದು ಬಸ್ಸು ಹತ್ತಿ ಅನಮೋಡ ಘಾಟು ದಾಟಿ ಗೋವಾಕ್ಕೆ ಹೋದಳು. ಅಲ್ಲಿ ಯಾರದೋ ಮನೆಯಲ್ಲಿ ಮುದುಕಿಯೊಬ್ಬಳನ್ನು ನೋಡಿಕೊಂಡಿದ್ದಾಳೆ ಎಂದು ಅವರಿವರಿಂದ ಸುದ್ದಿ ಬಂತು. ಒಮ್ಮೆ ಫೋನ್ ಮಾಡಿದ್ದಳು. ಮಗಳ ದನಿ ಕೇಳಿದ ಕೂಡಲೇ ಮರಿಯಾ ಕಟ್ ಮಾಡಿದಳು. ಆಮೇಲೆ ಆ ನಂಬರು ಹತ್ತಲೇ ಇಲ್ಲ. ಅಣ್ಣನೆದುರು ತಲೆ ಎತ್ತದಂತಾದ ಮರಿಯಾ, ಆ ಹೆಸರನ್ನು ಇನ್ನು ಈ ಮನೆಯಲ್ಲಿ ಯಾರೂ ತೆಗೆಯಬಾರದು ಎಂದಳು. ಜೆರಾಲ್ಡ್ ಅದಕ್ಕೂ ಹೂಂ ಅಂದ. ಮೂರು ಮಳೆಗಾಲ ತೆಗೆಯಲಿಲ್ಲ. ಹೋದವಳ ಮೇಲೆ ತನಗೆ ಸಿಟ್ಟಿದೆಯೋ, ಕಳಿಸಿದವಳ ಮೇಲೆ ಸಿಟ್ಟಿದೆಯೋ, ಅವನಿಗೆ ಇವತ್ತಿಗೂ ಬಗೆಹರಿದಿರಲಿಲ್ಲ. ಮಗಳು ಬೇಕು ಅನ್ನಿಸುತ್ತಿತ್ತು, ಅಷ್ಟು ಮಾತ್ರ ಗೊತ್ತಿತ್ತು.

ನಾಯಿಮರಿಯ ಗೊಡವೆಯೇ ಬೇಡ, ಇಂಜಿನ್ನು ಮಾತ್ರ ತರುವುದು ಎಂದು ನಿಶ್ಚಯಿಸಿಕೊಂಡೇ ಮತ್ತೆ ದಾಂಡೇಲಿಗೆ ಹೋದ. ಗ್ಯಾರೇಜಿನ ಬಾಗಿಲಲ್ಲಿ ಅವನನ್ನು ಕಂಡದ್ದೇ ಅನೀಸಾ, “ನೋಡ್ರಿಲ್ಲೆ,” ಎಂದು ದೂರ ನಿಂತು, “ಜೆಸ್ಸಿ,” ಎಂದು ಕೂಗಿದಳು. ಮೂಲೆಯ ಟೈರಿನೊಳಗೆ ಮಲಗಿದ್ದ ಮರಿ ದಡಬಡಿಸಿ ಎದ್ದು, ಎಣ್ಣೆ ಮೆತ್ತಿದ ನೆಲದ ಮೇಲೆ ಜಾರುತ್ತ, ಏಳುತ್ತ ಓಡಿ ಬಂತು. ಜೆರಾಲ್ಡ್ ಬಗ್ಗಿ ಅದನ್ನು ಎತ್ತಿಕೊಂಡ. ಒಂದು ಹೆಗಲ ಮೇಲೆ ಇಂಜಿನ್ನು, ಇನ್ನೊಂದು ಕಂಕುಳಲ್ಲಿ ಮರಿ ಹಿಡಿದು ಬಸ್ಸು ಹತ್ತಿದ.

ಮರಿಯಾ ಅಂಗಳದಲ್ಲಿ ಕಾಳು ಕೇರುತ್ತಿದ್ದಳು. ಮೊರ ಕೆಳಗಿಟ್ಟು ಮರಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಹೆಣ್ಣ ತಂದೀಯಲ್ಲ?”

“ಅದ ಇತ್ತು.”

“ಏನಂತ ಕರೀತಿದ್ರು ಅಲ್ಲಿ?”

“ಏನೂ ಇಲ್ಲ. ಸುಮ್ನ ಮರಿ ಅಂತಿದ್ರು,” ಎಂದ ಜೆರಾಲ್ಡ್, ಬೇರೆಲ್ಲೋ ನೋಡುತ್ತ.

ತೊಂದರೆ ಶುರುವಾದದ್ದು ಅಲ್ಲಿಂದ. ಮರಿಯಾ ಗಂಜಿ ಕಲೆಸಿ ಚ್ಚು ಚ್ಚು ಅಂದಳು, ಮರಿ ತಿರುಗಲಿಲ್ಲ. ಚಪ್ಪಾಳೆ ತಟ್ಟಿದಳು, ಬಾ ಬಾ ಅಂದಳು, ಕೊನೆಗೆ ಗಿಂಡಿಯ ಮೇಲೆ ಸೌಟು ಬಡಿದಳು. ಮರಿ ತನ್ನ ಪಾಡಿಗೆ ತಾನು ಒಂದು ಕಡ್ಡಿ ಕಡಿಯುತ್ತ ಕೂತಿತ್ತು. ಗ್ಯಾರೇಜಿನಲ್ಲಿ ದಿನವಿಡೀ ಕಬ್ಬಿಣದ ಸದ್ದು ಕೇಳಿ ಬೆಳೆದದ್ದಕ್ಕೆ ಸೌಟಿನ ಸದ್ದು ಯಾವ ಲೆಕ್ಕ?

“ಕಿವುಡ ನಾಯಿ ಕಟ್ಟಿ ಕಳಿಸ್ಯಾರ ನಿನಗ,” ಎಂದಳು ಮರಿಯಾ. “ಕೇಳಿ ತರಬೇಕೋ ಬ್ಯಾಡೋ?”

ಕಿವುಡಲ್ಲ ಎನ್ನಲು ಹೋಗಿ ಜೆರಾಲ್ಡ್ ಸುಮ್ಮನಾದ. ಹಿತ್ತಲ ಗೋವಿನಜೋಳದ ಸಾಲುಗಳ ನಡುವೆ ಹೋಗಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಪಿಸುಮಾತಿನಲ್ಲಿ ಹೆಸರು ಹೇಳಿದ. ಎಲ್ಲಿತ್ತೋ ಏನೋ, ಎಲೆಗಳನ್ನು ಸರಿಸುತ್ತ ಮರಿ ಬಂದು ಅವನ ಪಾದದ ಮೇಲೆ ಕೂತಿತು. ಅವನು ಇನ್ನೊಮ್ಮೆ ಹೇಳಿದ. ಮರಿ ಅಲ್ಲೇ ಇತ್ತು, ಕರೆಯುವ ಅಗತ್ಯವೇನೂ ಇರಲಿಲ್ಲ. ಅಂದಿನಿಂದ ದಿನಕ್ಕೊಮ್ಮೆ ಜೋಳಕ್ಕೆ ಹೋಗಿ ಕರೆಯುವುದು ಅವನಿಗೆ ಚಟವಾಯಿತು. ಈ ವಯಸ್ಸಿನಲ್ಲಿ ಕಳ್ಳತನದಲ್ಲಿ ಬೀಡಿ ಸೇದುವ ಹುಡುಗನ ಹಾಗೆ ಅತ್ತಿತ್ತ ನೋಡಿ ಹೊರಗೆ ಬರುತ್ತಿದ್ದ. ತಾನು ಕರೆಯುವುದು ನಾಯಿಯನ್ನೋ ಮಗಳನ್ನೋ ಎಂದು ಯೋಚಿಸಲು ಹೋದರೆ ತಲೆ ಗಿಮ್ಮೆನ್ನುತ್ತಿತ್ತು.

ಮರಿಯಾ ಒಂದು ದಿನ ತೀರ್ಪು ಕೊಟ್ಟಳು. “ನಾಳಿ ಸಂತಿ ಐತಿ. ದಾಂಡೇಲಿಗೆ ಹೋದಾಗ ಇದನ್ನ ಒಯ್ದು ಅವರಿಗೇ ಕೊಟ್ಟ ಬರ್ತೇನಿ. ಕಿವುಡ ನಾಯಿಗೆ ಚಿರತಿ ಬಂದಿದ್ದು ಕೇಳತೈತೇನ? ನಾ ಕೂಗಿದ್ದು ಕೇಳತೈತೇನ? ಕಣ್ಣ ಮುಂದ ಇನ್ನೊಂದ ಹೋಗೂದು ನೋಡಾಕ ನನ್ನ ಕೈಲೆ ಆಗೂದಿಲ್ಲ.”

ಜೆರಾಲ್ಡ್ ಕಕ್ಕಾಬಿಕ್ಕಿಯಾದ. ಮರಿ ಉಳಿಯಬೇಕಾದರೆ ಅದಕ್ಕೆ ಕಿವಿ ಕೇಳುತ್ತದೆಂದು ತೋರಿಸಬೇಕು. ತೋರಿಸಬೇಕಾದರೆ ಆ ಹೆಸರು ತೆಗೆಯಬೇಕು. ತೆಗೆದರೆ ಮರಿಯ ಕಥೆ ಹಾಗಿರಲಿ, ತನ್ನ ಕಥೆಯೇನು? ಮಧ್ಯಾಹ್ನವೆಲ್ಲ ಬೇಲಿ ಕಟ್ಟುವ ನೆಪದಲ್ಲಿ ಕಟ್ಟಿದ್ದನ್ನೇ ಬಿಚ್ಚಿ ಕಟ್ಟಿದ.

ಸಂಜೆ ಬಿಸಿಲು ಇಳಿದು ಹಳ್ಳದ ಕಡೆ ಕಪ್ಪಾಗುತ್ತಿತ್ತು. ಮರಿಯಾ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಇದ್ದಕ್ಕಿದ್ದಂತೆ ಹಳ್ಳದಾಚೆಯ ಮರಗಳಿಂದ ಮುಸುವಗಳು ಖೊಕ್ ಖೊಕ್ ಎಂದು ಕೂಗತೊಡಗಿದವು. ಚಿರತೆ ಕಂಡಾಗಲೇ ಆ ಕೂಗು ಏಳುತ್ತದೆಂದು ಆ ಊರಿನ ಕೂಸಿಗೂ ಗೊತ್ತು. ಮರಿಯಾ ಬಟ್ಟೆಯನ್ನು ಎದೆಗವಚಿಕೊಂಡು ಅಂಗಳವೆಲ್ಲ ಕಣ್ಣಾಡಿಸಿದಳು. ಮರಿ ಇರಲಿಲ್ಲ. ಅದು ಜೋಳದ ಸಾಲು ದಾಟಿ, ಹಳ್ಳದ ದಂಡೆಯ ಬಯಲಿನಲ್ಲಿ, ಬಾಲ ಈ ಕಡೆ ಮಾಡಿಕೊಂಡು ಏಡಿಯ ಬಿಲವನ್ನೋ ಏನನ್ನೋ ಕೆದರುತ್ತಿತ್ತು.

“ಏ, ಬಾರ ಇಲ್ಲೆ. ಬಾ,” ಎಂದು ಮರಿಯಾ ಕೂಗಿದಳು. ಬಟ್ಟೆ ಬಿಸಾಕಿ ಚಪ್ಪಾಳೆ ತಟ್ಟಿದಳು. ಮರಿ ಕೆದರುತ್ತಲೇ ಇತ್ತು. ಮುಸುವಗಳ ಕೂಗು ಒಂದು ಮರ ಈಚೆಗೆ ಬಂತು. “ಕೇಳೂದಿಲ್ಲ ಅದಕ, ಕೇಳೂದಿಲ್ಲ,” ಎನ್ನುತ್ತ ಅವಳು ಓಡಲು ಸೀರೆ ಎತ್ತಿ ಕಟ್ಟಿದಳು. ಅವಳ ದನಿ ಒಡೆದದ್ದನ್ನು ಜೆರಾಲ್ಡ್ ಕೇಳಿದ. ಬೇಲಿಯ ಹತ್ತಿರ ನಿಂತಿದ್ದವನು ಎರಡೂ ಕೈ ಬಾಯಿಗೆ ಹಿಡಿದ.

“ಜೆಸ್ಸೀ.”

ಮೂರು ಮಳೆಗಾಲದ ದನಿಯೆಲ್ಲ ಒಟ್ಟಿಗೆ ಹೊರಬಂದಿತ್ತು. ಮರಿ ತಲೆ ಎತ್ತಿತು. ತಿರುಗಿತು. ಮಡಚಿದ ಕಿವಿ ಹಾರಾಡಿಸುತ್ತ ಬಯಲು ದಾಟಿ, ಜೋಳದ ಸಾಲು ದಾಟಿ ಓಡಿ ಬಂದು ಮರಿಯಾಳ ಕಾಲ ಸಂದಿಯಲ್ಲಿ ತೂರಿ ಜೆರಾಲ್ಡನ ಮುಂದೆ ನಿಂತು ಏದುಸಿರು ಬಿಟ್ಟಿತು.

ಮರಿಯಾ ಬಿದ್ದ ಬಟ್ಟೆಗಳನ್ನು ಒಂದೊಂದಾಗಿ ಎತ್ತಿಕೊಂಡಳು. ಮರಿಯನ್ನು ಒಳಗೆ ತಳ್ಳಿ ಬಾಗಿಲು ಹಾಕಿ, ಒಲೆಯ ಮುಂದೆ ಕೂತ ಮೇಲೆ ಕೇಳಿದಳು.

“ಯಾರು ಇಟ್ಟಿದ್ದು?”

“ನಾನ.”

“ಯಾಕ?”

“ಗೊತ್ತಿಲ್ಲ, ಮರಿಯಾ. ಮೋತಿ ಅನ್ನಾಕ ಹೋಗಿದ್ದೆ.”

ಅವಳು ಬೈಯುತ್ತಾಳೆ ಎಂದುಕೊಂಡ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಒಲೆಯ ಉರಿ ಸರಿಮಾಡಿ, ಅವನಿಗೆ ಬಡಿಸಿ, ತಾನು ಉಣ್ಣದೆ ಮಲಗಿದಳು.

ಮರುದಿನ ಸಂತೆಗೆ ಚೀಲ ಹಿಡಿದು ಹೋದವಳು ಮರಿಯನ್ನು ಒಯ್ಯಲಿಲ್ಲ. ಮರೆತಳೋ ಬಿಟ್ಟಳೋ ಅವನಿಗೆ ತಿಳಿಯಲಿಲ್ಲ, ಕೇಳಲು ಧೈರ್ಯವೂ ಬರಲಿಲ್ಲ. ಸಂಜೆಗೆ ಬಂದವಳು ಗಂಜಿ ಕಲೆಸಿ ಮರಿಯ ಮುಂದಿಟ್ಟಳು. ಅದು ತಿಂದು ಮುಗಿಸುವವರೆಗೂ ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದಳು. ಹೊಟ್ಟೆ ತುಂಬಿದ ಮರಿ ಹೊಸ್ತಿಲಲ್ಲಿ ಕೂತ ಜೆರಾಲ್ಡನ ಪಾದದ ಮೇಲೆ ಬಿದ್ದುಕೊಂಡಿತು. ಮರಿಯಾ ಅದನ್ನು ದಾಟಿಕೊಂಡು, ತುಳಿಯದ ಹಾಗೆ ಸೀರೆ ಎತ್ತಿ ಹಿಡಿದು ಹೊರಗೆ ಹೋದಳು.

ಹಳ್ಳದ ಕಡೆಗಲ್ಲ, ಬಸ್ಸು ಬರುವ ದಾರಿಯ ಕಡೆಗೆ ಅಂಗಳದ ಕೊನೆಯವರೆಗೆ ಹೋಗಿ ನಿಂತಳು. ದಾರಿಯಲ್ಲಿ ಯಾರೂ ಇರಲಿಲ್ಲ. ಅವಳು ಒಮ್ಮೆ ಗಂಟಲು ಸರಿಮಾಡಿಕೊಂಡದ್ದು ಜೆರಾಲ್ಡನಿಗೆ ಕೇಳಿಸಿತು.

“ಜೆಸ್ಸಿ,” ಎಂದಳು ಮೆಲ್ಲಗೆ. ಆಮೇಲೆ ಇನ್ನಷ್ಟು ಗಟ್ಟಿಯಾಗಿ, “ಜೆಸ್ಸೀ.”

ಮರಿ ಇಲ್ಲೇ ಐತಿ ಎನ್ನಲು ಜೆರಾಲ್ಡ್ ಬಾಯಿ ತೆರೆದ, ಮುಚ್ಚಿದ. ಪಾದದ ಮೇಲಿದ್ದ ಮರಿಗೆ ಎಚ್ಚರವಾಗಿ, ಓಡಲೆಂದು ಮುಂಗಾಲು ಎತ್ತಿತು. ಅವನು ಅದನ್ನು ಮಡಿಲಿಗೆ ಎಳೆದುಕೊಂಡು, ನಿಂತ ಕಿವಿಯನ್ನೂ ಮಡಚಿದ ಕಿವಿಯನ್ನೂ ಎರಡು ಅಂಗೈಗಳಿಂದ ಮುಚ್ಚಿ ಹಿಡಿದು ಕೂತ. ಅಂಗಳದ ಕೊನೆಯಲ್ಲಿ ಮರಿಯಾ ಇನ್ನೂ ಕರೆಯುತ್ತಿದ್ದಳು.