ದೋಸ್ ಲೆಂಗ್ವಾಸ್ ರೇಡಿಯೋದಲ್ಲಿ ಹಾಡಿದ ದಿನ

ಶನಿವಾರ ಬೆಳಿಗ್ಗೆ, ಮೆಕ್ಸಿಕೋ ಮೂಲದವರೇ ಹೆಚ್ಚಿರುವ ಬಡಾವಣೆ ಬಾಯ್ಲ್ ಹೈಟ್ಸ್‌ನ ಅಂಗಡಿಗಳಿಗೆಲ್ಲ ಬ್ರೆಡ್ಡು ಹಾಕಿ ಮುಗಿಸಿದ ಫಿದೆನ್ಸಿಯೊ, ಖಾಲಿ ವ್ಯಾನನ್ನು ರೇಡಿಯೋ ಕೇಂದ್ರದ ಕಡೆ ತಿರುಗಿಸಿದ. ಪಕ್ಕದಲ್ಲಿ ಹತ್ತೊಂಬತ್ತು ವರ್ಷದ ಮಗಳು ಅರಾಸೆಲಿ ತೊಡೆಯ ಮೇಲೆ ತಾಳ ಹಾಕುತ್ತ ಕೂತಿದ್ದಳು. ಹಿಂದೆ, ಬ್ರೆಡ್ಡಿನ ತಟ್ಟೆಗಳ ನಡುವೆ, ಅವಳ ಸೋದರಮಾವನ ಮಗ ನೆಸ್ಟೋರ್ ರೆಕಾರ್ಡು ತಿರುಗಿಸುವ ಯಂತ್ರಗಳನ್ನು ಹಸುಗೂಸಿನಂತೆ ತಬ್ಬಿಕೊಂಡಿದ್ದ. ಅದು ತೊಂಬತ್ತನೇ ಇಸವಿ.

ಇಬ್ಬರೂ ಸೇರಿ ಕಟ್ಟಿದ ತಂಡಕ್ಕೆ ದೋಸ್ ಲೆಂಗ್ವಾಸ್, ಅಂದರೆ ಎರಡು ನಾಲಿಗೆ, ಎಂದು ಹೆಸರು. ಅರ್ಧ ಇಂಗ್ಲಿಷು, ಅರ್ಧ ಸ್ಪ್ಯಾನಿಷಿನಲ್ಲಿ ಹಾಡುವ ಅಂಥ ರ‍್ಯಾಪ್ ಅನ್ನು ಆ ಬೀದಿಗಳು ಹಿಂದೆ ಕೇಳಿರಲಿಲ್ಲ. ಗ್ಯಾರೇಜಿನಲ್ಲಿ ಮಾಡಿದ ಅವರ ಕ್ಯಾಸೆಟ್ಟು ಭಾನುವಾರದ ಸಂತೆಯಲ್ಲಿ ಕೈಯಿಂದ ಕೈಗೆ ಹೋಗಿ, ಈಗ ಹಾದುಹೋಗುವ ಕಾರುಗಳಲ್ಲೆಲ್ಲ ಅದೇ ಮೊಳಗುತ್ತಿತ್ತು. ಅದನ್ನು ಕೇಳಿಯೇ ರೇಡಿಯೋದವರು ನೇರಪ್ರಸಾರದಲ್ಲಿ ಹಾಡಲು ಕರೆದಿದ್ದರು.

"ನಾಲಿಗೆ ಮಾಂಸದ ಟ್ಯಾಕೋ ರೊಟ್ಟಿ ಮಾರೋರು ಇಡೋ ಹೆಸರು ಅದು," ಎಂದ ಫಿದೆನ್ಸಿಯೊ.

"ಅದಕ್ಕೂ ಜನ ಸಾಲು ನಿಲ್ತಾರೆ ಬಿಡಿ ಮಾವ!" ಎಂದು ನೆಸ್ಟೋರ್ ಹಿಂದಿನಿಂದ ಕೂಗಿದ.

ಅರಾಸೆಲಿ ಜೋರಾಗಿ ನಕ್ಕಳು. ಅಪ್ಪ ನಗಲಿಲ್ಲ. ಮಗಳೊಂದಿಗೆ ಅವನು ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದವನೇ ಅಲ್ಲ. ಅವಳಿಗೆ ಸ್ಪ್ಯಾನಿಷ್ ಬಂದದ್ದು ಅಜ್ಜಿಯ ಅಡುಗೆಮನೆಯಿಂದ.

ಕೇಂದ್ರದ ಮ್ಯಾನೇಜರ್ ಹಾಲ್ವರ್ಸನ್ ಬಾಗಿಲಲ್ಲೇ ಸಿಕ್ಕಿದ. "ತಾಳ ಬಹಳ ಚೆನ್ನಾಗಿದೆ. ಆದ್ರೆ ಸ್ಪ್ಯಾನಿಷ್ ಭಾಗ ಬಿಟ್ಟುಬಿಡಿ. ನಮ್ಮ ಕೇಳುಗರಿಗೆ ಅರ್ಥ ಆಗಲ್ಲ. ಇವತ್ತು ರೆಕಾರ್ಡು ಕಂಪನಿಯವರೂ ಕೇಳ್ತಿದ್ದಾರೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

"ಈ ಊರಲ್ಲಿ ಪಾತ್ರೆ ತೊಳೆಯೋರು, ಬಟ್ಟೆ ಹೊಲಿಯೋರು ನಿಮ್ಮ ಕೇಳುಗರಲ್ವಾ ಸಾರ್?" ಎಂದಳು ಅರಾಸೆಲಿ.

"ಆ ಸ್ಪ್ಯಾನಿಷ್ ಭಾಗ ಶುರುವಾದ್ರೆ ಹಾಡು ನಿಲ್ಲಿಸ್ತೀನಿ," ಎಂದು ಅವನು ಒಳಗೆ ಹೋದ.

"ಅವರು ಹೇಳೋದು ಸರಿ ಮಗಾ," ಎಂದ ಅಪ್ಪ.

"ನಿನಗ್ಯಾಕಪ್ಪಾ ನಮ್ಮ ಭಾಷೆ ಅಂದ್ರೆ ಇಷ್ಟು ನಾಚಿಕೆ?"

"ನಾಚಿಕೆ ಅಲ್ಲ ಕಣೇ. ಹೆದರಿಕೆ." ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಟೆಕ್ಸಸ್‌ನ ಶಾಲೇಲಿ, ಏಳು ವರ್ಷದವನಿದ್ದಾಗ, ಸ್ಪ್ಯಾನಿಷಲ್ಲಿ ನೀರು ಕೇಳಿದೆ. ಹಲಗೆ ತಗೊಂಡು ಹೊಡೆದ್ರು. ಮಾರನೇ ದಿನ ಮತ್ತೆ ಬಾಯಿಗೆ ಅದೇ ಬಂತು, ಮತ್ತೆ ಹೊಡೆದ್ರು. ಆಮೇಲೆ ಒಂದು ವರ್ಷ ಶಾಲೇಲಿ ಬಾಯೇ ಬಿಡಲಿಲ್ಲ. ಬುದ್ಧಿ ಬೆಳೆದಿಲ್ಲ ಅಂತ ಕೊನೇ ಬೆಂಚಿಗೆ ಹಾಕಿದ್ರು. ನಿನ್ನನ್ನ ಯಾರೂ ಹಾಗೆ ಕೂರಿಸಬಾರದು, ಅಷ್ಟೇ."

ಈ ಮಾತನ್ನು ಅವನು ಹಿಂದೆಂದೂ ಆಡಿರಲಿಲ್ಲ. ಅರಾಸೆಲಿ ಅವನ ಕೈಯಿಂದ ಟೋಪಿ ತೆಗೆದುಕೊಂಡು ಮತ್ತೆ ಅವನ ತಲೆಗಿಟ್ಟಳು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಕೆಂಪು ದೀಪ ಹತ್ತಿತು. ನೆಸ್ಟೋರ್ ತಾಳ ಹಚ್ಚಿದ. ಇಂಗ್ಲಿಷಿನ ಸಾಲುಗಳು ಬಾಣದಂತೆ ಹೊರಟವು. ಆಮೇಲೆ ಅರಾಸೆಲಿ ಕಣ್ಣು ಮುಚ್ಚಿ ಸ್ಪ್ಯಾನಿಷಿಗೆ ಹೊರಳಿದಳು. ಅವು ಬರೆದಿಟ್ಟ ಸಾಲುಗಳಲ್ಲ, ಆಗಷ್ಟೇ ಹುಟ್ಟುತ್ತಿದ್ದವು: ಏಳು ವರ್ಷದ ಹುಡುಗ, ಬಾಯಾರಿಕೆ, ಹಲಗೆ, ಕೊನೇ ಬೆಂಚು. ನೆಸ್ಟೋರ್ ಒಂದು ಕ್ಷಣ ಬೆಚ್ಚಿ, ಮರುಕ್ಷಣವೇ ತಾಳವನ್ನು ಎರಡು ಪಟ್ಟು ಏರಿಸಿದ. ಗಾಜಿನಾಚೆ ನಿಂತಿದ್ದ ಫಿದೆನ್ಸಿಯೊ ಒಂದು ಹೆಜ್ಜೆ ಗಾಜಿನ ಹತ್ತಿರಕ್ಕೆ ಬಂದ.

ಹಾಲ್ವರ್ಸನ್ ಎದ್ದು ಪ್ರಸಾರ ನಿಲ್ಲಿಸುವ ಗುಂಡಿಗೆ ಕೈ ಚಾಚಿದ. ಅದೇ ಹೊತ್ತಿಗೆ ಹೊರಗಿನ ಮೇಜಿನ ಮೇಲೆ ಒಂದು ಫೋನು ಬಡಿದುಕೊಂಡಿತು. ಮತ್ತೊಂದು. ಆಮೇಲೆ ಅಲ್ಲಿದ್ದ ಆರೂ ಫೋನು ಒಟ್ಟಿಗೆ.

"ಸಾರ್, ಎಲ್ಲರೂ ಸ್ಪ್ಯಾನಿಷಲ್ಲೇ ಮಾತಾಡ್ತಿದ್ದಾರೆ, ಒಂದಕ್ಷರ ತಿಳೀತಿಲ್ಲ!" ಎಂದು ಫೋನಿನ ಹುಡುಗಿ ಓಡಿಬಂದಳು.

"ಬೈತಿದ್ದಾರಾ?"

"ಯಾರಿಗೆ ಗೊತ್ತು ಸಾರ್? ಹಿಂದೆ ಚಪ್ಪಾಳೆ ಕೇಳಿಸ್ತಿದೆ!"

ಹಾಲ್ವರ್ಸನ್‌ನ ಕೈ ಗುಂಡಿಯ ಮೇಲೇ ನಿಂತಿತು.

ಮುಂದೆ ದೋಸ್ ಲೆಂಗ್ವಾಸ್ ದೊಡ್ಡ ವೇದಿಕೆಗಳನ್ನು ಏರಿತು. ಷಿಕಾಗೋದಿಂದ ಮೆಕ್ಸಿಕೋ ನಗರದವರೆಗೆ ಅವರನ್ನು ಕೇಳಿ ಬೆಳೆದವರು ತಮ್ಮ ಮನೆಮಾತಿನಲ್ಲೇ ತಂಡ ಕಟ್ಟಿದರು. ಹೆದರಿ ಮುಚ್ಚಿಟ್ಟಿದ್ದ ತಮ್ಮ ಸ್ಪ್ಯಾನಿಷ್ ಹೆಸರುಗಳನ್ನು ಮೈಕಿನ ಮುಂದೆ ಪೂರ್ತಿಯಾಗಿ ಹೇಳಿದರು. ಆ ಶನಿವಾರ ಅದೊಂದೂ ಯಾರಿಗೂ ಗೊತ್ತಿರಲಿಲ್ಲ. ಫೋನುಗಳು ಸುಮ್ಮನೆ ಬಡಿದುಕೊಳ್ಳುತ್ತಿದ್ದವು, ಎತ್ತಿ ಸ್ಪ್ಯಾನಿಷಿನಲ್ಲಿ ಮಾತಾಡುವವರು ಯಾರೂ ಇರಲಿಲ್ಲ.

ಫಿದೆನ್ಸಿಯೊ ಮೇಜಿನ ಹತ್ತಿರ ಹೋಗಿ ಒಂದನ್ನು ಎತ್ತಿದ.

"ಹೊಲಿಗೆ ಕಾರ್ಖಾನೆಯಿಂದ ಮಾತಾಡ್ತಿದೀವಿ," ಎಂದಿತು ಹೆಂಗಸಿನ ದನಿ, ಸ್ಪ್ಯಾನಿಷಿನಲ್ಲಿ. "ನಲವತ್ತು ಜನ ಮಿಷನ್ ನಿಲ್ಲಿಸಿ ನಿಂತಿದೀವಿ. ಇನ್ನೊಂದ್ಸಲ ಹಾಡೋಕೆ ಹೇಳ್ರೀ!"

ಅವನ ಮೊದಲ ಪದ ತೊದಲಿತು. ಎರಡನೆಯದು ಸಲೀಸಾಗಿ ಬಂತು. ಆಮೇಲೆ ಅವನು ಕಾರಿಡಾರಿನ ಕೊನೆಯವರೆಗೂ ಕೇಳುವಂತೆ, ಸ್ಪ್ಯಾನಿಷಿನಲ್ಲೇ ಮಾತಾಡಿದ.

"ಏನಂತೆ?" ಎಂದು ಹಾಲ್ವರ್ಸನ್ ಕೇಳಿದ.

"ಇನ್ನೊಂದ್ಸಲ ಹಾಡಬೇಕಂತೆ."

ಹಾಲ್ವರ್ಸನ್ ಗುಂಡಿಯಿಂದ ಕೈ ತೆಗೆದು, ಗಾಜಿನ ಮೂಲಕ ಅರಾಸೆಲಿಗೆ ಇನ್ನೊಂದು ಸಲ ಎಂಬಂತೆ ಒಂದು ಬೆರಳು ಎತ್ತಿ ತೋರಿಸಿದ.

"ಅಂದ್ಹಾಗೆ ನೀವ್ಯಾರು ಸ್ವಾಮಿ, ಅಲ್ಲಿ ಕೂತು ನಮ್ಮ ಭಾಷೆ ಮಾತಾಡೋರು?" ಎಂದಳು ಫೋನಿನಲ್ಲಿದ್ದ ಕಾರ್ಖಾನೆಯ ಹೆಂಗಸು.

"ಹಾಡ್ತಿರೋದು ನನ್ನ ಮಗಳಮ್ಮಾ," ಎಂದ ಫಿದೆನ್ಸಿಯೊ. ಇನ್ನೊಂದು ಕೈಯಿಂದ ಎರಡನೇ ಫೋನು ಎತ್ತಿಕೊಂಡ.