ತಂಗಿ ತುಂಬಿದ ಹಾಳೆ

ತಂಗಿಯ ಪೆನ್ಸಿಲ್ ಎಲ್ಲೂ ನಿಲ್ಲದೆ ಓಡುತ್ತಿತ್ತು. ಎದುರಿಗೆ ಕುಳಿತ ಅಣ್ಣ ತೊಡೆಯ ಮೇಲೆ ಟಿಪ್ಪಣಿ ಪುಸ್ತಕ ಬಿಚ್ಚಿಟ್ಟು, ಬಾಯಿಗೆ ಬೀಗ ಹಾಕಿಕೊಂಡು ಅವಳ ಕೈಯನ್ನೇ ನೋಡುತ್ತಿದ್ದ. ಮಾತಾಡಕೂಡದೆಂಬುದು ಅವನೇ ಮಾಡಿದ ನಿಯಮ. ಹೊಸಬರ ಪೆನ್ಸಿಲ್ ಎಲ್ಲಿ ತಡವರಿಸುತ್ತದೋ ಅಲ್ಲಿ ತಪ್ಪು ಹಾಳೆಯದು, ಬರೆಯುವವರದಲ್ಲ. ಒಂದು ಗುರುತು ಹಾಕಿಕೊಂಡು ಸುಮ್ಮನಿರಬೇಕು.

ಅದು ಪಾತ್ರದ ಹಾಳೆ. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ ಒಟ್ಟಿಗೆ ಕಥೆ ಕಟ್ಟುವ ಆಟವೊಂದಿದೆ. ಅದರಲ್ಲಿ ಒಬ್ಬೊಬ್ಬರೂ ಒಂದೊಂದು ಪಾತ್ರವಾಗುತ್ತಾರೆ. ಆ ಪಾತ್ರದ ಹೆಸರು, ಕಸುಬು, ಬಲ, ಭಯ, ಚೀಲದಲ್ಲಿರುವ ಸಾಮಾನು ಎಲ್ಲ ಈ ಒಂದು ಹಾಳೆಯಲ್ಲಿರಬೇಕು. ಹಳೆಯ ಹಾಳೆಯಲ್ಲಿ ತೊಂಬತ್ತನಾಲ್ಕು ಚೌಕಗಳಿದ್ದವು. ಅದನ್ನು ನೋಡಿ, ನೀರು ಕುಡಿದು ಬರುತ್ತೇವೆಂದು ಎದ್ದು ಹೋದ ಹೊಸಬರು ಇವತ್ತಿಗೂ ನೀರು ಕುಡಿಯುತ್ತಲೇ ಇದ್ದಾರೆ. ಕಚೇರಿಗಳಿಗೆ ಅರ್ಜಿ ನಮೂನೆ ಮಾಡಿಕೊಡುವ ಕೆಲಸದ ಅಣ್ಣ, ಎಂಟು ತಿಂಗಳು ಕೂತು ಅದನ್ನು ಹನ್ನೊಂದಕ್ಕೆ ಇಳಿಸಿದ್ದ. ಅಂಕಿ ತುಂಬುವ ಕಡೆಯೆಲ್ಲ ‘ನಿನಗೆ ಚೆನ್ನಾಗಿ ಬರುವುದೇನು?’, ‘ನಿನಗೆ ಯಾವುದರ ಭಯ?’ ಎಂಬಂಥ ಪ್ರಶ್ನೆಗಳನ್ನಿಟ್ಟಿದ್ದ. ನಾಳೆ ಅದು ಅಚ್ಚಿಗೆ ಹೋಗಬೇಕಿತ್ತು.

ಹದಿನೇಳು ಹೊಸಬರ ಪರೀಕ್ಷೆ ಆಗಲೇ ಮುಗಿದಿತ್ತು. ಹದಿನೆಂಟನೆಯವಳಾಗಿ ತಂಗಿಯೇ ಬರಬೇಕೆಂದು ಹಟ ಹಿಡಿದವನು ಅಣ್ಣ. ಪರೀಕ್ಷೆ ಒಂದು ನೆಪ.

ಹದಿನಾರು ವರ್ಷದ ಹಿಂದೆ ಅವನ ಗೆಳೆಯರು ಮನೆಯಲ್ಲಿ ಇದೇ ಆಟಕ್ಕೆ ಸೇರಿದ್ದಾಗ, ಹದಿನಾಲ್ಕರ ತಂಗಿ ನಾನೂ ಬರುತ್ತೇನೆಂದು ಕುರ್ಚಿ ಎಳೆದುಕೊಂಡಿದ್ದಳು. ಆ ತೊಂಬತ್ತನಾಲ್ಕು ಚೌಕಗಳ ಮುಂದೆ ಅವಳು ಹತ್ತು ನಿಮಿಷ ತಡಕಾಡಿದಳು. "ಕೊಡೇ ಇಲ್ಲಿ. ನಿನ್ನ ತಲೆಗೆ ಇದೆಲ್ಲ ಹತ್ತಲ್ಲ" ಎಂದು ಅಣ್ಣ ಹಾಳೆ ಕಿತ್ತುಕೊಂಡ. ಅವಳು ಬರೆದದ್ದನ್ನು ಓದದೆಯೇ ಅಳಿಸಿ, ತನಗೆ ತೋಚಿದ್ದನ್ನು ಎರಡು ನಿಮಿಷದಲ್ಲಿ ಗೀಚಿ ವಾಪಸು ಕೊಟ್ಟ. ಗೆಳೆಯರು ನಕ್ಕರು, ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. ಅವಳು ಆ ಸಂಜೆ ಮುಗಿಯುವವರೆಗೆ ಕೂತಿದ್ದು, ಆಮೇಲೆ ಮತ್ತೆಂದೂ ಆ ಮೇಜಿನ ಹತ್ತಿರ ಸುಳಿಯಲಿಲ್ಲ.

ತಲೆಗೆ ಹತ್ತದ ಆ ಹುಡುಗಿಗೆ ಈಗ ಸ್ವಂತ ಹೊಲಿಗೆ ಅಂಗಡಿಯಿದೆ. ಇನ್ನೂರು ಗಿರಾಕಿಗಳ ಅಳತೆಯನ್ನು ಪುಸ್ತಕ ನೋಡದೆ ಹೇಳುತ್ತಾಳೆ. ಆದರೂ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪ್ರತಿ ಸಲ ಹೊಸಬರು ಹಾಳೆಯ ಮುಂದೆ ತಡಕಾಡಿದಾಗಲೂ ಅಣ್ಣನಿಗೆ ಆ ಹತ್ತು ನಿಮಿಷ ನೆನಪಾಗಿ ಮೈ ಹಿಡಿಯಾಗುತ್ತಿತ್ತು. ಇವತ್ತು ಅವಳು ತನ್ನ ಪಾತ್ರವನ್ನು ತಾನೇ ಬರೆದು, ನಾಲ್ಕು ಗಂಟೆಗೆ ಉಳಿದವರ ಜೊತೆ ಆಟಕ್ಕೆ ಕೂತುಬಿಟ್ಟರೆ ಈ ಭಾರ ಇಳಿದೀತು ಎಂಬುದು ಅವನ ಆಸೆ.

"ಆಯ್ತು" ಎಂದು ತಂಗಿ ಪೆನ್ಸಿಲ್ ಇಟ್ಟಳು.

ಕಿಟಕಿಯ ಬಳಿ ಗಡಿಯಾರ ಹಿಡಿದು ನಿಂತಿದ್ದ ಆಟದ ಪ್ರಕಾಶಕಿಯ ಮುಖ ಅರಳಿತು. "ಆರೂವರೆ ನಿಮಿಷ. ಒಂದು ಕಡೆನೂ ತಡೀಲಿಲ್ಲ. ಏನ್ರೀ, ತಂಗಿಗೆ ಮೊದಲೇ ಹೇಳಿಕೊಟ್ಟಿದ್ರಾ ಹೇಗೆ?"

"ಇಲ್ಲ, ನಾನೇನೂ ಹೇಳಿಕೊಟ್ಟಿಲ್ಲ" ಎಂದು ಅಣ್ಣ ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಪ್ರಕಾಶಕಿ ನಗುತ್ತ, ಅಚ್ಚಿನ ಮನೆಗೆ ಸುದ್ದಿ ಮುಟ್ಟಿಸಲು ಕೆಳಗಿಳಿದು ಹೋದರು.

ಅವನು ಹಾಳೆ ಎತ್ತಿಕೊಂಡ. ಹೆಸರು: ಗುಬ್ಬಿ. ಕಸುಬು: ಗಾಯಕ್ಕೆ ಮದ್ದು ಹಚ್ಚುವುದು. ಚೆನ್ನಾಗಿ ಬರುವುದು: ಎಲ್ಲರ ಹಿಂದೆ ನಿಲ್ಲುವುದು. ಭಯ: ಕತ್ತಲೆ. ಚೀಲದಲ್ಲಿ: ಬಟ್ಟೆಯ ಪಟ್ಟಿ, ಲಾಟೀನು, ಮೂರು ಬೇರು. ಎಲ್ಲೋ ಓದಿದ ಹಾಗಿದೆಯಲ್ಲ ಎಂದುಕೊಳ್ಳುತ್ತ ಮೂರು ಬೇರಿನವರೆಗೆ ಬಂದವನು ಹಾಳೆ ಕೆಳಗಿಟ್ಟ.

"ಇದನ್ನ ಯಾಕೆ ಬರೆದೆ?"

"ಯಾಕೆ, ತಪ್ಪಾಯ್ತಾ?" ತಂಗಿಯ ಕೈ ಆಗಲೇ ರಬ್ಬರಿಗೆ ಹೋಗಿತ್ತು.

"ತಪ್ಪಲ್ಲ. ಇದು ಆವತ್ತು ನಾನು ಬರೆದಿದ್ದು."

"ಹೌದು. ಈ ಆಟದಲ್ಲಿ ನಂಗೆ ಗೊತ್ತಿರೋ ಸರಿಯಾದ ಉತ್ತರ ಇದೊಂದೇ. ಆ ಮೇಡಂ ಮುಂದೆ ಏನಾದ್ರೂ ಹೆಚ್ಚುಕಮ್ಮಿ ಬರೆದು ನಿನ್ನ ಮರ್ಯಾದೆ ಯಾಕೆ ಕಳೀಲಿ? ನಿನ್ನೆ ಬಟ್ಟೆ ಕತ್ತರಿಸ್ತಾ ಬಾಯಿಪಾಠ ಮಾಡ್ಕೊಂಡೆ."

ಅವಳು ಅದನ್ನು ಚುಚ್ಚಲೆಂದು ಹೇಳಿರಲಿಲ್ಲ. ಚುಚ್ಚಿದ್ದರೆ ಎಷ್ಟೋ ವಾಸಿಯಿತ್ತು.

"ಆವತ್ತು ನಿನ್ನ ಕೈಯಿಂದ ಹಾಳೆ ಕಿತ್ಕೊಂಡೆ. ಎಲ್ಲರ ಮುಂದೆ ನಗೆಪಾಟಲು ಮಾಡಿದೆ. ತಪ್ಪಾಯ್ತು ಕಣೇ."

"ಅದನ್ನ ಇನ್ನೂ ಮನಸ್ಸಲ್ಲಿ ಇಟ್ಕೊಂಡಿದ್ದೀಯಾ? ನಾನು ಯಾವಾಗಲೋ ಹೊಟ್ಟೆಗೆ ಹಾಕ್ಕೊಂಡೆ ಬಿಡು."

"ನಾನು ಅಳಿಸೋಕೆ ಮುಂಚೆ ನೀನು ಏನು ಬರೆದಿದ್ದೆ?"

ತಂಗಿ ಮೇಜಿನ ಮೇಲಿನ ದಾಳವನ್ನು ಬೆರಳಲ್ಲಿ ತಿರುಗಿಸಿದಳು. "ಏನೋ ಬರೆದಿದ್ದೆ. ಚೆನ್ನಾಗಿದೆ ಅಂತ ಅನ್ನಿಸಿತ್ತು, ಅಷ್ಟು ನೆನಪಿದೆ. ಅದೇನು ಅಂತ ನೆನಪಿಲ್ಲ ಅಣ್ಣಾ."

ಅಣ್ಣ ಖಾಲಿ ಹಾಳೆಯೊಂದನ್ನು ಅವಳ ಮುಂದಿಟ್ಟ. "ಇದನ್ನ ನಿಂಗೆ ಬೇಕಾದ ಹಾಗೆ ಬರಿ. ಸರಿ ಉತ್ತರ ಅಂತ ಇದರಲ್ಲಿ ಇಲ್ಲವೇ ಇಲ್ಲ."

ತಂಗಿ ಪೆನ್ಸಿಲ್ ಹಿಡಿದಳು. ಹೆಸರಿನ ಚೌಕದ ಮೇಲೆ ಅದು ನಿಂತಿತು. ಅವಳು ತಲೆಯೆತ್ತಿ ಅಣ್ಣನ ಮುಖ ನೋಡಿದಳು. ಅವನು ಸುಮ್ಮನೆ ತಲೆಯಾಡಿಸಿದ. ಅವಳು ಹಾಳೆ ನೋಡಿ, ಮತ್ತೆ ಅವನ ಮುಖವನ್ನೇ ನೋಡಿದಳು. ಎಂಟು ತಿಂಗಳು ಚೌಕಗಳನ್ನು ಕಿತ್ತು ಹಾಕಿದವನಿಗೆ ಇನ್ನೂ ತೆಗೆಯಬೇಕಾದ್ದು ಯಾವುದೆಂದು ಆಗ ತಿಳಿಯಿತು.

"ನಾನು ಆಚೆ ಇರ್ತೀನಿ" ಎಂದು ಎದ್ದು ಹೊರಗೆ ಬಂದು ಬಾಗಿಲು ಮುಚ್ಚಿದ.

ನಾಲ್ಕು ಗಂಟೆಗೆ ಸರಿಯಾಗಿ ಆಡುವವರು ಮೂವರು ಗಲಗಲ ಮಾತಾಡುತ್ತ ಮೆಟ್ಟಿಲು ಹತ್ತಿ ಬಂದರು, ಅವರ ಹಿಂದೆ ಪ್ರಕಾಶಕಿ. ಅಣ್ಣ ಮೇಲಿನ ಮೆಟ್ಟಿಲ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ.

"ಯಾಕೆ ಇಲ್ಲಿ ಕೂತಿದ್ದೀರಿ? ಶುರು ಮಾಡೋಣ" ಎಂದರು ಪ್ರಕಾಶಕಿ.

"ತಂಗಿ ಬರೀತಿದ್ದಾಳೆ."

"ಆಗಲೇ ಬರೆದಾಯ್ತಲ್ಲ?"

"ಅದು ನಾನು ಬರೆದಿದ್ದು ಮೇಡಂ. ಅದನ್ನ ಲೆಕ್ಕಕ್ಕೆ ಹಿಡೀಬೇಡಿ."

"ಇನ್ನೂ ಎಷ್ಟು ಹೊತ್ತಾಗುತ್ತೆ?" ಎಂದು ಒಬ್ಬ ಕೇಳಿದ.

"ಗೊತ್ತಿಲ್ಲ. ಕೂತ್ಕೊಳ್ಳಿ."

ಒಳಗಿನಿಂದ ಸದ್ದಿರಲಿಲ್ಲ. ಬರೆಯುತ್ತಿದ್ದಾಳೋ, ಸುಮ್ಮನೆ ಕೂತಿದ್ದಾಳೋ ತಿಳಿಯುವಂತಿರಲಿಲ್ಲ. ಅವನು ತಿರುಗಿ ನೋಡಲಿಲ್ಲ. ಬಂದವರು ಮುಖ ಮುಖ ನೋಡಿಕೊಂಡು ಒಬ್ಬರ ಕೆಳಗೊಬ್ಬರು ಮೆಟ್ಟಿಲ ಮೇಲೆ ಕೂತರು. ಪ್ರಕಾಶಕಿ ಚೀಲವನ್ನು ಮಡಿಲಿಗೆ ಎಳೆದುಕೊಂಡು ಅವನ ಪಕ್ಕದಲ್ಲಿ ಸ್ವಲ್ಪ ಜಾಗ ಮಾಡಿಕೊಂಡರು.